ಕಾಡಿನ ಮೇಲೆ ಬಿದ್ದ ಮಳೆ ನೆಲಕ್ಕೆ ತಲುಪುವುದು ಹೇಗೆ? 'ಮರವಿದ್ದರೆ ಸಾಕು, ನೀರು ಇಂಗುತ್ತದೆ' ಎಂಬ ಮಾತು ಎಷ್ಟು ನಿಜ?

ಜೂನ್ ತಿಂಗಳು ಬಂತೆಂದರೆ ಎರಡು ಬಗೆಯ ಫಾರ್ವರ್ಡ್‌ಗಳು ನಮ್ಮ ಮೊಬೈಲಿಗೆ ಬರತೊಡಗುತ್ತವೆ. ಮೊದಲನೆಯದರಲ್ಲಿ ಒಂದು ದೊಡ್ಡ ಮರದ ಚಿತ್ರ ಇರುತ್ತದೆ. ಕೆಳಗೆ, 'ಒಂದು ಮರ ನೆಟ್ಟರೆ ಅದರ ಮೇಲೆ ಬಿದ್ದ ಮಳೆಯೆಲ್ಲ ಭೂಮಿಗೆ ಇಂಗುತ್ತದೆ, ಬಾವಿ ಬತ್ತುವುದಿಲ್ಲ, ಹತ್ತು ಗ್ರೂಪ್‌ಗೆ ಕಳಿಸಿ' ಎಂಬ ಸಾಲು. ಎರಡನೆಯದು ಇದಕ್ಕೆ ಪೂರಾ ಉಲ್ಟಾ. 'ಮರಗಳು ನೀರನ್ನೆಲ್ಲ ಕುಡಿದುಬಿಡುತ್ತವೆ, ಕಾಡು ಕಡಿದರೆ ಹೊಳೆಯಲ್ಲಿ ನೀರು ಜಾಸ್ತಿಯಾಗುತ್ತದೆ' ಎನ್ನುತ್ತದೆ ಅದು. ಒಂದೇ ಗ್ರೂಪ್‌ನಲ್ಲಿ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಬಂದು ಜನ ಜಗಳಕ್ಕಿಳಿಯುವುದೂ ಉಂಟು.

ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ, ಎರಡರಲ್ಲೂ ಮುಖ್ಯವಾದ ಒಂದು ಸಂಗತಿ ಬಿಟ್ಟುಹೋಗಿದೆ. ಅದು ಏನೆಂದು ತಿಳಿಯಬೇಕಾದರೆ ಕಾಡಿನ ಮೇಲೆ ಬಿದ್ದ ಮಳೆಹನಿ ಮೋಡದಿಂದ ಮಣ್ಣಿನವರೆಗೆ ಯಾವ ದಾರಿಯಲ್ಲಿ ಬರುತ್ತದೆ ಎಂಬುದನ್ನು ನೋಡಬೇಕು. ಬನ್ನಿ, ಮೇಲಿನಿಂದ ಕೆಳಕ್ಕೆ ಒಂದೊಂದೇ ಮೆಟ್ಟಿಲು ಇಳಿಯೋಣ.

ಮಳೆ ಮೊದಲು ಬೀಳುವುದು ಎಲೆಗೆ

ಬಯಲಿನಲ್ಲಿ ಮಳೆ ನೇರವಾಗಿ ಮಣ್ಣಿಗೆ ಬೀಳುತ್ತದೆ. ಕಾಡಿನಲ್ಲಿ ಹಾಗಲ್ಲ. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡನ್ನೇ ತೆಗೆದುಕೊಳ್ಳಿ. ಅದು ಹಲವು ಅಂತಸ್ತಿನ ಮನೆಯ ಹಾಗೆ. ಎಲ್ಲಕ್ಕಿಂತ ಮೇಲೆ 30 ಮೀಟರ್ ಎತ್ತರಕ್ಕೂ ಬೆಳೆಯುವ ದೊಡ್ಡ ಮರಗಳ ತಲೆಗಳು ಒಂದಕ್ಕೊಂದು ತಾಗಿಕೊಂಡು ಚಪ್ಪರ ಹಾಕಿದಂತಿರುತ್ತವೆ. ಅದರ ಕೆಳಗೆ ಮಧ್ಯಮ ಎತ್ತರದ ಮರಗಳು, ಬಳ್ಳಿಗಳು. ಅದಕ್ಕೂ ಕೆಳಗೆ ಪೊದೆ, ಸಸಿ, ಜರಿಗಿಡ. ಕೊನೆಗೆ ನೆಲದ ಮೇಲೆ ತರಗೆಲೆಯ ಹಾಸು. ಮಳೆಹನಿ ಈ ಎಲ್ಲ ಅಂತಸ್ತುಗಳನ್ನು ದಾಟಿಯೇ ಮಣ್ಣನ್ನು ಮುಟ್ಟಬೇಕು.

ಎಲೆಗಳ ಚಪ್ಪರಕ್ಕೆ ಬಿದ್ದ ಮಳೆ ಮೂರು ಪಾಲಾಗುತ್ತದೆ.

ಒಂದು, ಎಲೆ-ಕೊಂಬೆಗಳ ಮೇಲೆಯೇ ಅಂಟಿಕೊಂಡು, ನೆಲಕ್ಕೆ ಬರದೆ ಆವಿಯಾಗಿ ಗಾಳಿಗೆ ಮರಳುವ ನೀರು. ಇದನ್ನು ವಿಜ್ಞಾನಿಗಳು ಇಂಟರ್‌ಸೆಪ್ಶನ್ ಎನ್ನುತ್ತಾರೆ. ನಾವು ಇಲ್ಲಿ 'ಎಲೆ ತಡೆದ ನೀರು' ಎನ್ನೋಣ.

ಎರಡು, ಎಲೆಗಳ ಸಂದಿಯಿಂದ ನೇರವಾಗಿ ತೂರಿ ಬರುವ ಹನಿ ಮತ್ತು ಎಲೆಯಿಂದ ತೊಟ್ಟಿಕ್ಕುವ ಹನಿ. ಇದರ ಹೆಸರು ಥ್ರೂಫಾಲ್. ಕನ್ನಡದಲ್ಲಿ 'ಉದುರು ಹನಿ' ಎಂದುಕೊಳ್ಳೋಣ.

ಮೂರು, ಕೊಂಬೆಗಳಿಂದ ಕಾಂಡಕ್ಕೆ ಸೇರಿ, ಕಾಂಡದ ಮೈಮೇಲೆ ಹರಿದು ಬುಡಕ್ಕೆ ಇಳಿಯುವ ನೀರು. ಇದು ಸ್ಟೆಮ್‌ಫ್ಲೋ, ಅಂದರೆ 'ಕಾಂಡದ ಹರಿವು'.

ಈ ಲೆಕ್ಕ ಹೊಸದೇನಲ್ಲ. ಅಮೆರಿಕದ ಜಲವಿಜ್ಞಾನಿ ರಾಬರ್ಟ್ ಹಾರ್ಟನ್ 1919ರಲ್ಲೇ ಮರಗಳು ಮಳೆಯನ್ನು ಹೇಗೆ ತಡೆಯುತ್ತವೆ ಎಂಬ ಬಗ್ಗೆ ವಿವರವಾದ ಪ್ರಬಂಧ ಪ್ರಕಟಿಸಿದ್ದರು. ಆಮೇಲೆ ಬೇರೆ ಬೇರೆ ದೇಶಗಳ ಕಾಡುಗಳಲ್ಲಿ ಅಳತೆ ನಡೆದಿದೆ. ಸಾಮಾನ್ಯವಾಗಿ ಮಳೆಯ 70ರಿಂದ 90 ಪಾಲು, ಅಂದರೆ ನೂರಕ್ಕೆ ಅಷ್ಟು, ಉದುರು ಹನಿಯಾಗಿ ಕೆಳಗೆ ಬರುತ್ತದೆ. ಕಾಂಡದ ಹರಿವು ಹೆಚ್ಚಿನ ಕಾಡುಗಳಲ್ಲಿ ನೂರಕ್ಕೆ ಕೆಲವೇ ಪಾಲು. ಉಳಿದದ್ದು ಎಲೆ ತಡೆದ ನೀರು. ಮರದ ಜಾತಿ, ಎಲೆಯ ದಟ್ಟಣೆ, ಮಳೆಯ ಬಗೆ ಬದಲಾದಂತೆ ಈ ಅಂಕಿಗಳೂ ಬದಲಾಗುತ್ತವೆ.

ಎಲೆ ಎಷ್ಟು ನೀರು ಹಿಡಿದಿಟ್ಟೀತು?

ಮಳೆ ಶುರುವಾದಾಗ ಮರದ ಕೆಳಗೆ ನಿಂತರೆ ಮೊದಲ ಕೆಲವು ನಿಮಿಷ ನಾವು ಅಷ್ಟಾಗಿ ನೆನೆಯುವುದಿಲ್ಲ. ಆ ಹೊತ್ತಿನಲ್ಲಿ ಎಲೆಗಳು ತಾವು ನೆನೆಯುತ್ತಿರುತ್ತವೆ. (ಗುಡುಗು-ಸಿಡಿಲು ಇದ್ದರೆ ಮಾತ್ರ ದಯವಿಟ್ಟು ಮರದ ಕೆಳಗೆ ನಿಲ್ಲಬೇಡಿ. ಅಲ್ಲಿ ಸಿಡಿಲು ಬಡಿಯುವ ಅಪಾಯ ಹೆಚ್ಚು.) ಎಲೆಗಳೆಲ್ಲ ಪೂರ್ತಿ ನೆನೆದ ಮೇಲೆ ನೀರು ಕೆಳಗೆ ತೊಟ್ಟಿಕ್ಕತೊಡಗುತ್ತದೆ.

ದಟ್ಟ ಮರಗಳ ಚಪ್ಪರ ಒಂದು ಸಲಕ್ಕೆ ಸಾಮಾನ್ಯವಾಗಿ 1ರಿಂದ 2 ಮಿಲಿಮೀಟರ್ ಮಳೆಯಷ್ಟು ನೀರನ್ನು ಮೈಮೇಲೆ ಹಿಡಿದಿಟ್ಟುಕೊಳ್ಳಬಲ್ಲದು. ಇದು ಕಡಿಮೆ ಅನಿಸಬಹುದು. ಲೆಕ್ಕ ಹಾಕಿ ನೋಡಿ. 1 ಮಿ.ಮೀ. ಮಳೆ ಎಂದರೆ 1 ಚದರ ಮೀಟರ್ ಜಾಗಕ್ಕೆ 1 ಲೀಟರ್ ನೀರು. ಒಂದು ಎಕರೆ ಎಂದರೆ ಸುಮಾರು 4,000 ಚದರ ಮೀಟರ್. ಹಾಗಾಗಿ 2 ಮಿ.ಮೀ. ಎಂದರೆ ಎಕರೆಗೆ 8,000 ಲೀಟರ್. ಅಷ್ಟು ನೀರು ಎಲೆಗಳ ಮೇಲೆ ತೆಳ್ಳಗಿನ ಪದರವಾಗಿ ನಿಂತಿರುತ್ತದೆ.

ಇಲ್ಲಿ ಮಳೆ ಹೇಗೆ ಬರುತ್ತದೆ ಎಂಬುದು ಮುಖ್ಯ. ಒಂದೇ ಸಲ 50 ಮಿ.ಮೀ. ಮಳೆ ಸುರಿದರೆ ಎಲೆ ಹಿಡಿದಿಡುವುದು ಅದರಲ್ಲಿ ಸಣ್ಣ ಪಾಲು. ಅದೇ 50 ಮಿ.ಮೀ. ಮಳೆ ಹತ್ತು ಬೇರೆ ಬೇರೆ ದಿನ 5 ಮಿ.ಮೀ.ನಂತೆ ಬಂದು, ನಡುವೆ ಬಿಸಿಲು ಕಾದರೆ? ಪ್ರತಿ ಸಲವೂ ಎಲೆ ಹೊಸದಾಗಿ ನೆನೆಯಬೇಕು, ಪ್ರತಿ ಸಲವೂ ಅಷ್ಟು ನೀರು ಆವಿಯಾಗುತ್ತದೆ. ಸಲಕ್ಕೆ 1.5 ಮಿ.ಮೀ. ಎಂದುಕೊಂಡರೂ ಒಟ್ಟು 15 ಮಿ.ಮೀ. ನೆಲಕ್ಕೆ ಬರಲೇ ಇಲ್ಲ. ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆಯಾಗುವ, ಜುಲೈನಲ್ಲಿ ದಿನಗಟ್ಟಲೆ ಬಿಡದೆ ಸುರಿಯುವ ಆಗುಂಬೆಯಲ್ಲಿ ಎಲೆಗೆ ಒಣಗಲು ಪುರಸೊತ್ತೇ ಇಲ್ಲ, ಗಾಳಿಯಲ್ಲೂ ತೇವ ತುಂಬಿರುತ್ತದೆ. ಹಾಗಾಗಿ ಅಲ್ಲಿ ತಡೆಯುವ ಪಾಲು ಕಡಿಮೆ. ಬಿಡುವು ಕೊಟ್ಟು ಸಣ್ಣ ಸಣ್ಣ ಮಳೆ ಬರುವ ಬಯಲುಸೀಮೆಯಲ್ಲಿ ಈ ಪಾಲು ಹೆಚ್ಚಾಗಬಹುದು.

ಹಾಗೆಂದು ಎಲೆ ತಡೆದ ನೀರು ದಂಡವಾಯಿತು ಎನ್ನಲಾಗದು. ಅದು ಆವಿಯಾಗಿ ಗಾಳಿಗೆ ಸೇರುತ್ತದೆ, ಸುತ್ತಲಿನ ತಾಪವನ್ನು ತಗ್ಗಿಸುತ್ತದೆ. ಆದರೆ ಅದು ನಿಮ್ಮ ಬಾವಿಗೆ ಬರುವ ನೀರಲ್ಲ. 'ಮರದ ಮೇಲೆ ಬಿದ್ದ ಮಳೆಯೆಲ್ಲ ಭೂಮಿಗೆ ಇಂಗುತ್ತದೆ' ಎಂಬ ಮಾತು ಮೊದಲ ಮೆಟ್ಟಿಲಲ್ಲೇ ಬಿದ್ದುಹೋಯಿತು.

ಮಳೆ ನಿಂತರೂ ಮರದ ಹನಿ ನಿಲ್ಲದು

ಈ ಗಾದೆಯನ್ನು ನಾವು ಮುಗಿಯದ ಜಗಳಕ್ಕೋ ಸಾಲಕ್ಕೋ ಬಳಸುತ್ತೇವೆ. ಆದರೆ ಇದರಲ್ಲಿರುವ ಗಮನಿಕೆ ನಿಜವಾದದ್ದು. ಮಳೆ ನಿಂತ ಮೇಲೂ ಎಲೆಯ ಮೇಲಿದ್ದ ನೀರಿನಲ್ಲಿ ಒಂದು ಭಾಗ ನಿಧಾನವಾಗಿ ತೊಟ್ಟಿಕ್ಕುತ್ತಲೇ ಇರುತ್ತದೆ. ಇದು ಉದುರು ಹನಿಯ ಕೊನೆಯ ಕಂತು. ಒಂದು ಗಂಟೆಯಲ್ಲಿ ಸುರಿದ ಮಳೆಯನ್ನು ಕಾಡು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡು ನೆಲಕ್ಕೆ ಕೊಡುತ್ತದೆ.

ಅರಳಿ ಎಲೆಯನ್ನು ನೆನಪಿಸಿಕೊಳ್ಳಿ. ಅದರ ತುದಿ ಉದ್ದಕ್ಕೆ ಬಾಲದಂತೆ ಚೂಪಾಗಿದೆ. ನೀರು ಎಲೆಯ ಮೇಲಿಂದ ಜಾರಿ ಆ ತುದಿಯಲ್ಲಿ ಕೂಡಿ ಹನಿಯಾಗಿ ಬೀಳುತ್ತದೆ. ಮಳೆ ಹೆಚ್ಚಿರುವ ಕಾಡುಗಳ ಹಲವು ಮರಗಳಲ್ಲಿ ಇಂಥ ತುದಿ ಕಾಣುತ್ತದೆ. ಎಲೆಯ ಆಕಾರ, ಕೊಂಬೆಯ ಬಾಗು ಇವುಗಳಿಂದಾಗಿ ಹನಿಗಳು ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ. ಒಂದು ಮರದ ಕೆಳಗೆ ಒಂದು ಕಡೆ ನೆಲ ಹೆಚ್ಚುಕಮ್ಮಿ ಒಣಗಿರುತ್ತದೆ, ಎರಡು ಅಡಿ ಆಚೆ ಬಯಲಿಗಿಂತಲೂ ಹೆಚ್ಚು ನೀರು ಬಿದ್ದಿರುತ್ತದೆ. ಅದಕ್ಕೇ ವಿಜ್ಞಾನಿಗಳು ಕಾಡಿನಲ್ಲಿ ಒಂದೇ ಮಳೆಮಾಪಕ ಇಟ್ಟು ಸುಮ್ಮನಾಗುವುದಿಲ್ಲ. ಹತ್ತಾರು ಇಡುತ್ತಾರೆ, ಆಗಾಗ ಜಾಗವನ್ನೂ ಬದಲಿಸುತ್ತಾರೆ.

ಎಲೆಯನ್ನು ತಾಗಿ ಬಂದ ನೀರು ಮೋಡದಿಂದ ಬಿದ್ದ ನೀರಿನಂತೆಯೇ ಇರುವುದಿಲ್ಲ. ಎಲೆಯ ಮೇಲಿನ ಧೂಳನ್ನು ತೊಳೆದುಕೊಂಡು, ಎಲೆಯೊಳಗಿನ ಪೊಟ್ಯಾಸಿಯಂನಂಥ ಪೋಷಕಾಂಶವನ್ನು ಕರಗಿಸಿಕೊಂಡು ಇಳಿಯುತ್ತದೆ. ಮಣ್ಣಿಗೆ ಇದು ಗೊಬ್ಬರ. ಇಷ್ಟನ್ನೇ ಹಿಡಿದುಕೊಂಡು 'ಕಾಡಿನ ಎಲೆಯಿಂದ ಇಳಿದ ನೀರು ಔಷಧ, ಹಾಗೇ ಕುಡಿಯಬಹುದು' ಎನ್ನುವವರಿದ್ದಾರೆ. ಅದೇ ಎಲೆಯ ಮೇಲೆ ಹಕ್ಕಿಯ ಹಿಕ್ಕೆ, ಹುಳು, ಬೂಷ್ಟು ಎಲ್ಲವೂ ಇರುತ್ತವೆ. ಯಾವುದೇ ನೀರಿನಂತೆ ಇದನ್ನೂ ಕುದಿಸದೆ ಕುಡಿಯಬಾರದು.

ಕಾಂಡದ ಮೇಲೆ ಇಳಿಯುವ ತೊರೆ

ಬಾಳೆಗಿಡವನ್ನು ಮಳೆಯಲ್ಲಿ ನೋಡಿದ್ದೀರಲ್ಲ? ಎಲೆಯ ನಡುದಿಂಡು ಕಾಲುವೆಯ ಹಾಗಿದೆ. ಅಲ್ಲಿ ಬಿದ್ದ ನೀರಿನಲ್ಲಿ ಒಂದಿಷ್ಟು ಗಿಡದ ಮಧ್ಯಕ್ಕೇ ಹರಿದು ಬರುತ್ತದೆ. ಮರಗಳಲ್ಲೂ ಇದೇ ನಡೆಯುತ್ತದೆ. ಕೊಂಬೆಗಳು ಮೇಲ್ಮುಖವಾಗಿದ್ದು ತೊಗಟೆ ನುಣುಪಾಗಿದ್ದರೆ ಹೆಚ್ಚು ನೀರು ಕಾಂಡಕ್ಕೆ ಬರುತ್ತದೆ. ಮಾವಿನಂಥ ಒರಟು ತೊಗಟೆಯಾದರೆ ತೊಗಟೆಯೇ ಒಂದಿಷ್ಟು ನೀರು ಹೀರುತ್ತದೆ. ಮಲೆನಾಡಿನ ಮರಗಳಿಗೆ ಅಂಟಿಕೊಂಡ ಪಾಚಿ, ಸೀತಾಳೆಯಂಥ ಗಿಡಗಳೂ ಸ್ಪಂಜಿನ ಹಾಗೆ ನೀರು ಹಿಡಿಯುತ್ತವೆ.

ನೂರಕ್ಕೆ ಮೂರು ಪಾಲು ಎಂದರೆ ಏನೂ ಅಲ್ಲ ಅನಿಸುತ್ತದೆ. ಆದರೆ ಆ ನೀರೆಲ್ಲ ಒಂದೇ ಜಾಗಕ್ಕೆ ಬರುತ್ತದೆ. ಒಂದು ಮರದ ತಲೆ 10 ಮೀಟರ್ ಅಗಲ ಇದೆ ಎಂದುಕೊಳ್ಳಿ. ಅದು ಆವರಿಸುವ ಜಾಗ ಸುಮಾರು 78 ಚದರ ಮೀಟರ್. 20 ಮಿ.ಮೀ. ಮಳೆ ಬಂದರೆ ಅದರ ಮೇಲೆ ಸುಮಾರು 1,560 ಲೀಟರ್ ನೀರು ಬೀಳುತ್ತದೆ. ಅದರ ನೂರಕ್ಕೆ ಮೂರು ಪಾಲು ಎಂದರೆ 47 ಲೀಟರ್. ಈ 47 ಲೀಟರ್ ಕಾಂಡದ ಬುಡದ ಒಂದು ಚದರ ಮೀಟರಿನಲ್ಲಿ ಇಳಿದರೆ ಆ ಜಾಗಕ್ಕೆ 47 ಮಿ.ಮೀ. ಮಳೆ ಹೆಚ್ಚುವರಿಯಾಗಿ ಬಂದ ಹಾಗಾಯಿತು. ಬಯಲಿಗೆ ಬಿದ್ದದ್ದರ ಎರಡು ಪಟ್ಟಿಗೂ ಹೆಚ್ಚು. ಬುಡದಲ್ಲಿ ಬೇರಿನ ಪಕ್ಕದ ಸಂದುಗಳ ಮೂಲಕ ಈ ನೀರು ಆಳಕ್ಕೆ ಇಳಿಯುತ್ತದೆ.

ಮಂಜು ಹಿಡಿಯುವ ಮರಗಳು

ಇಲ್ಲಿಯವರೆಗೆ ಎಲೆ ಮಳೆಯನ್ನು ಕಡಿಮೆ ಮಾಡುವುದನ್ನೇ ನೋಡಿದೆವು. ಕೆಲವು ಜಾಗಗಳಲ್ಲಿ ಎಲೆ ನೀರನ್ನು ಹೆಚ್ಚಿಸುವುದೂ ಉಂಟು. ಎತ್ತರದ ಬೆಟ್ಟಗಳಲ್ಲಿ ಮೋಡವೇ ನೆಲಮಟ್ಟದಲ್ಲಿ ತೇಲುತ್ತದೆ. ಅದರೊಳಗಿನ ಹನಿಗಳು ಎಷ್ಟು ಸಣ್ಣವೆಂದರೆ ತಾವಾಗಿ ಕೆಳಗೆ ಬೀಳುವುದಿಲ್ಲ. ಎಲೆಗೆ, ಪಾಚಿಗೆ ತಾಗಿದಾಗ ಒಂದಕ್ಕೊಂದು ಕೂಡಿ ದೊಡ್ಡ ಹನಿಯಾಗಿ ಉದುರುತ್ತವೆ. ಕುದುರೆಮುಖ, ಬಾಬಾಬುಡನ್‌ಗಿರಿ ಕಡೆಯ ಶೋಲಾ ಕಾಡುಗಳಲ್ಲಿ ಮಳೆಯಿಲ್ಲದ ಮಂಜಿನ ಹೊತ್ತಿನಲ್ಲೂ ಮರದಡಿ ಹನಿ ಬೀಳುವುದು ಇದರಿಂದಲೇ.

ಸ್ಪೇನ್ ದೇಶಕ್ಕೆ ಸೇರಿದ ಕ್ಯಾನರಿ ದ್ವೀಪಗಳಲ್ಲಿ ಎಲ್ ಯೆರ್ರೊ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ಗರೋಯೆ ಎಂಬ ಮರ ಜನರಿಗೆ ನೀರು ಕೊಡುತ್ತಿತ್ತು ಎಂಬ ಸುದ್ದಿ ನೂರಾರು ವರ್ಷಗಳ ಹಿಂದೆಯೇ ಯುರೋಪಿನಲ್ಲೆಲ್ಲ ಹರಡಿತ್ತು. ಕೇಳಿದವರು ಪವಾಡವೆಂದರು. ಆ ಮರ ಮಂಜಿನಿಂದ ನೀರು ಹಿಡಿಯುತ್ತಿತ್ತು, ಕೆಳಗೆ ತೋಡಿದ ಗುಂಡಿಗಳಲ್ಲಿ ಅದು ಸಂಗ್ರಹವಾಗುತ್ತಿತ್ತು. 1610ರ ಬಿರುಗಾಳಿಗೆ ಮರ ಉರುಳಿತು. 1949ರಲ್ಲಿ ಅದೇ ಜಾಗದಲ್ಲಿ ಅದೇ ಜಾತಿಯ ಇನ್ನೊಂದು ಮರ ನೆಟ್ಟರು, ಅದೂ ಮಂಜಿನಿಂದ ನೀರು ಹಿಡಿಯುತ್ತದೆ. ಆದರೆ ಮಂಜೇ ಇಲ್ಲದ ಊರಿನಲ್ಲಿ ಅದೇ ಮರ ನೆಟ್ಟರೆ ಏನೂ ಸಿಗದು. 'ನೀರು ಸುರಿಸುವ ಮರ' ಎಂಬ ವಿಡಿಯೋ ಬಂದರೆ, ಆ ಜಾಗ ಎಂಥದ್ದು, ಅಲ್ಲಿ ಮಂಜು ಇರುತ್ತದೆಯೇ ಎಂಬುದನ್ನು ಮೊದಲು ನೋಡಿ.

ಮರದ ಕೆಳಗಿನ ಮಣ್ಣು ಸುರಕ್ಷಿತವೇ?

'ಎಲೆಗಳು ಕೊಡೆಯ ಹಾಗೆ ಮಳೆಯ ಹೊಡೆತ ತಡೆಯುತ್ತವೆ, ಆದ್ದರಿಂದ ಮಣ್ಣು ಕೊಚ್ಚಿಹೋಗುವುದಿಲ್ಲ.' ಶಾಲೆಯ ದಿನದಿಂದ ಕೇಳಿದ ಮಾತಿದು. ಇಲ್ಲೇ ಹೆಚ್ಚಿನವರು ಎಡವುತ್ತಾರೆ.

ಎಲೆಯ ಮೇಲೆ ಸಣ್ಣ ಹನಿಗಳು ಕೂಡಿ ದೊಡ್ಡದಾಗುತ್ತವೆ. ಎಷ್ಟು ದೊಡ್ಡದಾಗುತ್ತವೆ ಎಂಬುದು ಮರದ ಜಾತಿಗೆ ತಕ್ಕಂತೆ ಬೇರೆಯಾಗುತ್ತದೆ. ಹಾಲ್ ಮತ್ತು ಕಾಲ್ಡರ್ ಎಂಬ ವಿಜ್ಞಾನಿಗಳು 1993ರಲ್ಲಿ ಪ್ರಕಟಿಸಿದ ಅಳತೆ ಹೀಗಿದೆ: ಕೆರಿಬಿಯನ್ ಪೈನ್ ಮರದಿಂದ ಉದುರುವ ಹನಿಯ ಸಾಮಾನ್ಯ ಗಾತ್ರ ಸುಮಾರು 2.3 ಮಿ.ಮೀ., ನೀಲಗಿರಿ ಮರದಿಂದ 2.8 ಮಿ.ಮೀ., ಅಗಲ ಎಲೆಯ ತೇಗದಿಂದ 4.2 ಮಿ.ಮೀ. ಅಗಲದಲ್ಲಿ ಎರಡು ಪಟ್ಟೂ ಇಲ್ಲ ನಿಜ. ಆದರೆ ತೇಗದ ಹನಿಯೊಳಗಿನ ನೀರು ಪೈನ್ ಹನಿಯ ಸುಮಾರು 6 ಪಟ್ಟು.

ದೊಡ್ಡ ಹನಿ ಬೀಳುವ ವೇಗವೂ ಹೆಚ್ಚು. 2 ಮಿ.ಮೀ. ಹನಿ ಸೆಕೆಂಡಿಗೆ ಸುಮಾರು 6.5 ಮೀಟರ್ ವೇಗ ಮುಟ್ಟಿದರೆ, 5 ಮಿ.ಮೀ. ಹನಿ ಸುಮಾರು 9 ಮೀಟರ್ ಮುಟ್ಟುತ್ತದೆ. ಎಂಟು-ಹತ್ತು ಮೀಟರ್ ಎತ್ತರದ ಮರದಿಂದ ಬಿದ್ದರೆ ಸಾಕು, ಹನಿ ಹೆಚ್ಚುಕಮ್ಮಿ ಪೂರ್ತಿ ವೇಗ ಪಡೆಯುತ್ತದೆ. ಹೀಗಾಗಿ ಎತ್ತರದ ತೇಗದ ಮರದ ಕೆಳಗೆ ನೆಲ ಬರಿದಾಗಿದ್ದರೆ ಹನಿಯ ಹೊಡೆತ ಬಯಲಿಗಿಂತಲೂ ಜೋರಾಗಿರಬಹುದು. ಎಲೆಯುದುರಿದ ತೇಗದ ತೋಪಿನಲ್ಲಿ ಬೇಸಿಗೆಯಲ್ಲಿ ತರಗೆಲೆಗೆ ಬೆಂಕಿ ಬಿದ್ದು, ಆಮೇಲೆ ಮಳೆ ಜೋರಾಗಿ ಬಂತೆಂದರೆ ಕೆಂಪು ನೀರು ಹರಿಯುವುದನ್ನು ಕಾಣಬಹುದು.

ಹಾಗಾದರೆ ಕಾಡಿನ ಮಣ್ಣನ್ನು ಕಾಯುವುದು ಯಾವುದು? ಕೆಳಗಿನ ಅಂತಸ್ತುಗಳು. ದೊಡ್ಡ ಮರದಿಂದ ಬಿದ್ದ ಹನಿ ಪೊದೆಗೆ ತಾಗಿ ನಿಂತು, ಮತ್ತೆ 1 ಮೀಟರ್ ಎತ್ತರದಿಂದ ಬಿದ್ದರೆ ಅದರ ವೇಗ ಸೆಕೆಂಡಿಗೆ 4.5 ಮೀಟರ್ ದಾಟುವುದಿಲ್ಲ. ವೇಗ ಅರ್ಧವಾದರೆ ಹೊಡೆತ ಕಾಲು ಭಾಗಕ್ಕೆ ಇಳಿಯುತ್ತದೆ. ಅದು ತರಗೆಲೆಯ ಮೇಲೆ ಬಿದ್ದರಂತೂ ಮಣ್ಣಿಗೆ ಹೊಡೆತವೇ ತಾಗುವುದಿಲ್ಲ, ನೀರು ಮೆಲ್ಲಗೆ ಕೆಳಗೆ ಜಿನುಗುತ್ತದೆ.

ನೀರು ಇಂಗುವ ನಿರ್ಧಾರ ನೆಲದಲ್ಲಿ

ಬರಿ ಮಣ್ಣಿನ ಮೇಲೆ ದೊಡ್ಡ ಹನಿ ಹೊಡೆದಾಗ ಮಣ್ಣಿನ ಉಂಡೆಗಳು ಒಡೆಯುತ್ತವೆ. ಒಡೆದ ನುಣುಪು ಪುಡಿ ಮಣ್ಣಿನ ರಂಧ್ರಗಳಲ್ಲಿ ತುಂಬಿ ಮೇಲ್ಮೈ ಗಾರೆ ಹಾಕಿದಂತಾಗುತ್ತದೆ. ಆಮೇಲೆ ಬಂದ ನೀರು ಒಳಗೆ ಹೋಗಲಾರದೆ ಹರಿಯುತ್ತದೆ, ಹರಿಯುತ್ತ ಮಣ್ಣನ್ನೂ ಒಯ್ಯುತ್ತದೆ.

ತರಗೆಲೆ ಇರುವಲ್ಲಿ ಇದು ನಡೆಯುವುದಿಲ್ಲ. ತರಗೆಲೆ ಕೊಳೆತು ಎರೆಹುಳು, ಗೆದ್ದಲು, ಶಿಲೀಂಧ್ರಗಳಿಗೆ ಆಹಾರವಾಗುತ್ತದೆ. ಅವು ಮಣ್ಣನ್ನು ಕೊರೆದು ಸಡಿಲ ಮಾಡುತ್ತವೆ. ಸತ್ತ ಬೇರುಗಳು ಕೊಳೆತ ಜಾಗದಲ್ಲಿ ಕೊಳವೆಗಳಂಥ ದಾರಿ ಉಳಿಯುತ್ತದೆ. ಹಾಳಾಗದ ಕಾಡಿನಲ್ಲಿ ಜೋರು ಮಳೆಯಲ್ಲೂ ನೆಲದ ಮೇಲೆ ನೀರು ಹರಿಯುವುದು ಅಪರೂಪವಾಗಿರುವುದು ಇದರಿಂದ.

ಇದು ಬರೀ ಪುಸ್ತಕದ ಮಾತಲ್ಲ. ಬೆಳಗಾವಿಯಲ್ಲಿ ಪ್ರಾದೇಶಿಕ ಕೇಂದ್ರ ಹೊಂದಿರುವ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆ ಮತ್ತು ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿಗಳು ಇತರರ ಜೊತೆ ಸೇರಿ ಉತ್ತರ ಕನ್ನಡದಲ್ಲಿ ಅಧ್ಯಯನ ನಡೆಸಿ 2010 ಮತ್ತು 2013ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ಸಹಜ ಕಾಡು, ಅತಿಯಾಗಿ ಬಳಸಿ ಹಾಳಾದ ಕಾಡು, ಹಾಳಾದ ನೆಲದಲ್ಲಿ ನೆಟ್ಟ ಅಕೇಶಿಯಾ ತೋಪು, ಈ ಮೂರನ್ನು ಅವರು ಹೋಲಿಸಿದರು. ಸಹಜ ಕಾಡಿನಲ್ಲಿ ನೀರು ಒಳಗಿಳಿದು ಅಂತರ್ಜಲ ಸೇರುವ ಪಾಲು ಹೆಚ್ಚಿತ್ತು. ಹಾಳಾದ ಕಾಡಿನಲ್ಲಿ ಮಳೆ ಬಂದ ಕೂಡಲೇ ಹರಿದುಹೋಗುವ ಪಾಲು ಹೆಚ್ಚಿತ್ತು. ಅಕೇಶಿಯಾ ತೋಪು ಬೆಳೆದು ಮೇಲೆ ಹಸಿರಾಗಿ ಕಂಡರೂ ಕೆಳಗಿನ ನೆಲ ಸಹಜ ಕಾಡಿಗೆ ಸಮನಾಗಿರಲಿಲ್ಲ.

ಅಂದರೆ ಡ್ರೋನ್ ಚಿತ್ರದಲ್ಲಿ ಎರಡೂ ಹಸಿರೇ. ಮಳೆನೀರಿಗೆ ಮಾತ್ರ ಎರಡೂ ಬೇರೆ ಬೇರೆ ನೆಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಮಲೆನಾಡಿನಲ್ಲಿ ದರಕು ಎಂದು ಕರೆಯುವ ತರಗೆಲೆಯನ್ನು ಗುಡಿಸಿ ತರುವುದು, ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು ಕೊಟ್ಟಿಗೆಗೆ, ಅಡಿಕೆ ತೋಟಕ್ಕೆ ಹಾಕುವುದು ತಲೆಮಾರುಗಳಿಂದ ಬಂದ ಕೃಷಿಪದ್ಧತಿ. ಅದನ್ನು ತಪ್ಪು ಎಂದು ಫೋನಿನಲ್ಲಿ ಕೂತು ತೀರ್ಪು ಕೊಡುವುದು ಸುಲಭ. ತೋಟಕ್ಕೆ ಹಾಕಿದ ಸೊಪ್ಪು ಅಲ್ಲಿಯೂ ಮಣ್ಣನ್ನು ಮುಚ್ಚುತ್ತದೆ, ತೇವ ಹಿಡಿಯುತ್ತದೆ. ಆದರೆ ಪ್ರತಿ ವರ್ಷ ಒಂದೇ ಜಾಗವನ್ನು ಬರಿದಾಗುವ ತನಕ ಗುಡಿಸಿದರೆ ಆ ಬೆಟ್ಟದ ನೆಲ ಗಟ್ಟಿಯಾಗುತ್ತದೆ, ಅದರ ಕೆಳಗಿನ ಒರತೆಗೆ ನೀರು ಕಡಿಮೆಯಾಗಬಹುದು. ಜಾಗ ಬದಲಿಸುತ್ತ ಹೋಗುವುದು, ಒಂದು ಪದರವನ್ನಾದರೂ ಬಿಡುವುದು, ಬೆಂಕಿ ಹಾಕದಿರುವುದು, ಇವಿಷ್ಟರಿಂದಲೇ ವ್ಯತ್ಯಾಸವಾಗುತ್ತದೆ.

ಕಾಡು ನೀರನ್ನು ಕುಡಿದುಬಿಡುತ್ತದೆಯೇ?

ಈಗ ಎರಡನೆಯ ಫಾರ್ವರ್ಡ್‌ಗೆ ಬರೋಣ. ಮರ ನೀರು ಕುಡಿಯುತ್ತದೆ ಎಂಬುದು ನಿಜ. ಬೇರಿನಿಂದ ಹೀರಿದ ನೀರಿನ ಬಹುಪಾಲು ಎಲೆಯ ಮೂಲಕ ಆವಿಯಾಗುತ್ತದೆ. ಎಲೆ ತಡೆದ ನೀರೂ ಇದಕ್ಕೆ ಸೇರುತ್ತದೆ. ಬಾಷ್ ಮತ್ತು ಹ್ಯೂಲೆಟ್ ಎಂಬ ವಿಜ್ಞಾನಿಗಳು 1982ರಲ್ಲಿ ಬೇರೆ ಬೇರೆ ದೇಶಗಳ 94 ಜಲಾನಯನ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮರ ಕಡಿದಲ್ಲಿ ಹೊಳೆಯ ವಾರ್ಷಿಕ ಹರಿವು ಸಾಮಾನ್ಯವಾಗಿ ಹೆಚ್ಚಿತ್ತು, ಮರ ಬೆಳೆಸಿದಲ್ಲಿ ಕಡಿಮೆಯಾಗಿತ್ತು.

ಆದರೆ ಈ ಲೆಕ್ಕ ವರ್ಷದ ಒಟ್ಟು ನೀರಿನದು. ನಮಗೆ ಬೇಕಾದ್ದು ಯಾವಾಗಿನ ನೀರು? ಜುಲೈನಲ್ಲಿ ಹೊಳೆ ಉಕ್ಕಿ ಸಮುದ್ರ ಸೇರಿದರೆ ಆ ನೀರು ಒಟ್ಟು ಲೆಕ್ಕಕ್ಕೆ ಸೇರುತ್ತದೆ, ಮಾರ್ಚ್‌ನಲ್ಲಿ ಕೊಡ ತುಂಬುವುದಿಲ್ಲ. ಕಾಡು ಒಂದು ಕೈಯಲ್ಲಿ ನೀರು ಬಳಸುತ್ತದೆ, ಇನ್ನೊಂದು ಕೈಯಲ್ಲಿ ನೀರನ್ನು ನೆಲದೊಳಗೆ ಇಳಿಸುತ್ತದೆ. ಕಾಡು ಹೋಗಿ ನೆಲವೂ ಗಟ್ಟಿಯಾಯಿತೆಂದರೆ ಇಂಗುವ ನೀರಿನ ನಷ್ಟ, ಮರ ಕುಡಿಯದೆ ಉಳಿದ ನೀರಿನ ಲಾಭಕ್ಕಿಂತ ದೊಡ್ಡದಾಗಬಹುದು. ಆಗ ಮಳೆಗಾಲದಲ್ಲಿ ನೆರೆ, ಬೇಸಿಗೆಯಲ್ಲಿ ಬತ್ತಿದ ಹಳ್ಳ.

ಎಲ್ಲಿ ಯಾವ ಮರ ಎಂಬುದೂ ಮುಖ್ಯ. ಹೊಸಕೋಟೆಯ ಬಳಿ ಆಳದ ಮಣ್ಣಿನಲ್ಲಿ ಬೆಳೆದ ನೀಲಗಿರಿ ತೋಪು ಆ ವರ್ಷಗಳಲ್ಲಿ ಬಿದ್ದ ಮಳೆಗಿಂತಲೂ ಹೆಚ್ಚು ನೀರು ಬಳಸಿದ್ದು 1990ರ ದಶಕದ ಅಧ್ಯಯನಗಳಲ್ಲಿ ಕಂಡುಬಂದಿತ್ತು. ಮಣ್ಣಿನಲ್ಲಿ ಮೊದಲೇ ಇದ್ದ ತೇವವನ್ನೂ ಅದು ಎಳೆದುಕೊಂಡಿತ್ತು. 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆದ್ದರಿಂದ 'ಯಾವ ಮರವಾದರೂ ಸರಿ, ನೆಡಿ' ಎಂಬ ಮಾತೂ ತಪ್ಪು, 'ಮರವೇ ಬೇಡ' ಎಂಬ ಮಾತೂ ತಪ್ಪು.

ಕಾಡಿದ್ದರೆ ಪ್ರವಾಹ, ಗುಡ್ಡ ಕುಸಿತ ಆಗುವುದೇ ಇಲ್ಲವೇ?

ಈ ನಂಬಿಕೆ ಜೀವಕ್ಕೇ ಅಪಾಯ ತರಬಹುದು, ಅದಕ್ಕೆ ಇದನ್ನು ಬಿಡಿಸಿ ಹೇಳುತ್ತೇವೆ. ಒಂದು ದಿನದಲ್ಲಿ 204.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಮಳೆಯಾದರೆ ಅದನ್ನು ಹವಾಮಾನ ಇಲಾಖೆ ಭಾರೀ ಮಳೆಯ ಅತ್ಯಂತ ಮೇಲಿನ ವರ್ಗಕ್ಕೆ ಸೇರಿಸುತ್ತದೆ. ಎಲೆಗಳ ಚಪ್ಪರ ಒಮ್ಮೆಗೆ ಹಿಡಿಯುವುದು ಹೆಚ್ಚೆಂದರೆ 2 ಮಿ.ಮೀ. ಆಸುಪಾಸು, ಅಂದರೆ ಅಂಥ ಮಳೆಯ ನೂರಕ್ಕೆ ಒಂದು ಪಾಲು. ಮಣ್ಣು ಇದಕ್ಕಿಂತ ಎಷ್ಟೋ ಹೆಚ್ಚು ಹಿಡಿಯುತ್ತದೆ. ಆದರೆ ವಾರಗಟ್ಟಲೆ ಮಳೆಯಾಗಿ ಮಣ್ಣೇ ತುಂಬಿಹೋಗಿದ್ದರೆ ಅದಕ್ಕೂ ಜಾಗವಿರುವುದಿಲ್ಲ.

ಬೇರುಗಳು ಮೇಲಿನ ಪದರದ ಮಣ್ಣನ್ನು ಹೊಲಿದ ಹಾಗೆ ಹಿಡಿದಿಡುತ್ತವೆ, ಸಣ್ಣ ಕುಸಿತಗಳನ್ನು ತಡೆಯುತ್ತವೆ. ಬೇರು ಮುಟ್ಟದ ಆಳದಲ್ಲಿ ಮಣ್ಣು ಜಾರಿದರೆ ಮರಸಮೇತ ಗುಡ್ಡ ಇಳಿಯುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈ 30ರಂದು ಕೇರಳದ ವಯನಾಡಿನಲ್ಲಿ ಆದ ದುರಂತಗಳು ಅತಿಯಾದ ಮಳೆಯ ಹೊತ್ತಿನವು. ಇಳಿಜಾರು ಕಡಿದು ರಸ್ತೆ, ಮನೆ ಮಾಡಿದಲ್ಲಿ ಅಪಾಯ ಇನ್ನೂ ಹೆಚ್ಚು. ಕಾಡು ಇದ್ದರೆ ಅಪಾಯ ಕಡಿಮೆ ಎಂಬುದು ಸರಿ, ಅಪಾಯವೇ ಇಲ್ಲ ಎಂಬುದು ಸರಿಯಲ್ಲ. ರೆಡ್ ಅಲರ್ಟ್ ಇದ್ದಾಗ 'ನಮ್ಮ ಮೇಲೆ ಕಾಡಿದೆ, ಏನೂ ಆಗದು' ಎಂದು ಕೂರಬೇಡಿ. ಸ್ಥಳ ಬಿಡಲು ಹೇಳಿದರೆ ಬಿಡಿ.

ನೀವೇ ಅಳೆದು ನೋಡಿ

ಇದಕ್ಕೆ ದುಬಾರಿ ಉಪಕರಣ ಬೇಡ. ಬಾಯಿ, ತಳ ಎರಡೂ ಒಂದೇ ಅಗಲವಿರುವ ಏಳೆಂಟು ಡಬ್ಬಿಗಳು ಸಾಕು. ಎರಡನ್ನು ಬಯಲಿನಲ್ಲಿ ಇಡಿ, ಉಳಿದವನ್ನು ಒಂದು ದಟ್ಟ ಮರದ ಕೆಳಗೆ ಬೇರೆ ಬೇರೆ ಕಡೆ ಇಡಿ. ಸಿಡಿಲಿಲ್ಲದ ಮಳೆ ನಿಂತು, ಮರದ ಹನಿಯೂ ನಿಂತ ಮೇಲೆ ಸ್ಕೇಲ್ ಹಾಕಿ ನೀರಿನ ಎತ್ತರ ಅಳೆಯಿರಿ. ಬಯಲಿನಲ್ಲಿ ಸರಾಸರಿ 20 ಮಿ.ಮೀ. ಇದ್ದು ಮರದಡಿ ಸರಾಸರಿ 16 ಮಿ.ಮೀ. ಇದ್ದರೆ ನೂರಕ್ಕೆ 80 ಪಾಲು ಉದುರು ಹನಿಯಾಗಿ ಬಂತು ಎಂದರ್ಥ. ತುಂತುರು ಮಳೆಗೆ ಒಮ್ಮೆ, ಜೋರು ಮಳೆಗೆ ಒಮ್ಮೆ ಮಾಡಿದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಇನ್ನೊಂದು ಪರೀಕ್ಷೆ ಮಳೆಯಿಲ್ಲದ ದಿನ ಮಾಡುವಂಥದ್ದು. ಎರಡೂ ಕಡೆ ತೆರೆದ ಒಂದು ತಗಡಿನ ಡಬ್ಬಿಯನ್ನು ಗುಡಿಸಿ ಗಟ್ಟಿಯಾದ ನೆಲದಲ್ಲಿ ಎರಡು ಬೆರಳಷ್ಟು ಆಳಕ್ಕೆ ಒತ್ತಿ, ಒಂದು ಚೊಂಬು ನೀರು ಹಾಕಿ, ಇಂಗಲು ಎಷ್ಟು ಹೊತ್ತಾಯಿತು ಎಂದು ಮೊಬೈಲಿನಲ್ಲಿ ನೋಡಿ. ಅದೇ ಡಬ್ಬಿಯನ್ನು ವರ್ಷಗಳಿಂದ ತರಗೆಲೆ ಬಿದ್ದು ಕೊಳೆತ ಮರದಡಿಯ ಮಣ್ಣಿನಲ್ಲಿ ಒತ್ತಿ ಮತ್ತೆ ಅಷ್ಟೇ ನೀರು ಹಾಕಿ. ಶಾಲೆಯ ಮಕ್ಕಳ ಕೈಯಲ್ಲಿ ಮಾಡಿಸಿದರೆ ಇನ್ನೂ ಒಳ್ಳೆಯದು.

ಫಾರ್ವರ್ಡ್ ಮಾಡುವ ಮೊದಲು

ಮರ ನೆಡಿ ಎನ್ನುವ ಸಂದೇಶಗಳನ್ನು ಕಳಿಸುವವರ ಮನಸ್ಸು ಒಳ್ಳೆಯದೇ. ಆದರೆ ಅವುಗಳಲ್ಲಿ ಕಾಡು ಎಂದರೆ ತಲೆಯ ಮೇಲಿನ ಹಸಿರು ಮಾತ್ರ. ಹೀಗಾಗಿ ಸಸಿ ನೆಡುವ ಉತ್ಸಾಹದಲ್ಲಿ ಪೊದೆ ಸವರುತ್ತಾರೆ, ತರಗೆಲೆಯನ್ನು ಕಸವೆಂದು ರಾಶಿ ಹಾಕಿ ಸುಡುತ್ತಾರೆ, ಆಮೇಲೆ ಫೋಟೋ ತೆಗೆದು ಹಂಚುತ್ತಾರೆ. ನೀರು ಇಂಗಿಸುವ ಕೆಲಸ ಮಾಡುತ್ತಿದ್ದದ್ದು ಆ ಪೊದೆ, ಆ ತರಗೆಲೆ ಎಂಬುದು ಗೊತ್ತಾಗುವುದೇ ಇಲ್ಲ.

ನಿಮ್ಮ ಗ್ರೂಪ್‌ಗೆ ಕಳಿಸಲೇಬೇಕೆಂದರೆ ಈ ನಾಲ್ಕು ಸಾಲು ಕಳಿಸಿ:

ಮರದ ಮೇಲೆ ಬಿದ್ದ ಮಳೆಯೆಲ್ಲ ನೆಲಕ್ಕೆ ಬರುವುದಿಲ್ಲ, ಒಂದು ಪಾಲು ಆವಿಯಾಗಿ ಹೋಗುತ್ತದೆ.

ನೆಲಕ್ಕೆ ಬಂದದ್ದು ಇಂಗುತ್ತದೋ ಹರಿಯುತ್ತದೋ ಎಂಬುದು ಪೊದೆ, ತರಗೆಲೆ, ಮಣ್ಣಿನ ಮೇಲೆ ನಿಂತಿದೆ.

ಇರುವ ಕಾಡನ್ನು ಉಳಿಸಿಕೊಳ್ಳುವುದು ಹೊಸ ತೋಪು ನೆಡುವುದಕ್ಕಿಂತ ಮೇಲು. ನೆಡುವುದಾದರೆ ಊರಿನ ಹಲವು ಜಾತಿಯ ಮರಗಳನ್ನು ನೆಡಿ.

ಮರದಡಿಯ ತರಗೆಲೆ ಕಸವಲ್ಲ, ಅದಕ್ಕೆ ಬೆಂಕಿ ಹಾಕಬೇಡಿ.